ಟಾರ್ಪಾಲಿನ ಮೇಲಂಚು

ಹೆಂಡತಿಯ ತಮ್ಮ ಸೂರು ಬಿಚ್ಚಲು ಹತ್ತಿದ ಗಳಿಗೆಯಿಂದ ಬೈಂಡರಿಗೆ ಮೈಯೆಲ್ಲ ಕಣ್ಣಾಯಿತು.

ಪುಸ್ತಕ ಕಟ್ಟುವ ಅವರ ಕೋಣೆ ಇದ್ದದ್ದು ಸೂರಿನ ಅಡಿಯಲ್ಲೇ. ಅಲ್ಲಿ ಹಲಗೆಗಳ ಮೇಲೆ ಕಚೇರಿಯಿಂದ ರಿಪೇರಿಗೆ ಬಂದ ಊರಿನ ಜನನ ದಾಖಲೆಯ ಹಳೆಯ ಹಾಳೆಗಳು ಬಿಡಿಬಿಡಿಯಾಗಿ ಮಲಗಿದ್ದವು. ಹರಿದ ಅಂಚುಗಳಿಗೆಲ್ಲ ತೆಳುಕಾಗದ ಹಚ್ಚಿದ್ದರು. ಗೋಂದು ಒಣಗಲು ಇನ್ನೆರಡು ದಿನ ಬೇಕು. ಅಲ್ಲಿಯವರೆಗೆ ಎತ್ತಿದರೆ ಕೈಗೇ ಕಿತ್ತು ಬರುತ್ತವೆ. ಬರೆದ ಶಾಯಿಯೋ ನೀರು ಕಂಡರೆ ಹರಡುವಂಥದು, ಇನ್ನೊಂದು ಪ್ರತಿ ಎಲ್ಲೂ ಇಲ್ಲ. ಒಂದು ಹನಿ ಬಿದ್ದರೆ ಯಾರೋ ಒಬ್ಬರು ಹುಟ್ಟೇ ಇಲ್ಲ ಎಂದಾಗುತ್ತದೆ. ಹಾಗೆಂದು ಕಾಯುವಂತೆಯೂ ಇರಲಿಲ್ಲ. ಹಳೆಯ ಸೂರು ನಾಲ್ಕು ಕಡೆ ಬಾಯಿ ಬಿಟ್ಟಿತ್ತು.

ಭಾವಮೈದುನ ತನ್ನ ಕ್ರಮ ಹೇಳಿದ್ದ. ಒಂದು ದಿನದಲ್ಲಿ ಮುಚ್ಚಲಾಗುವಷ್ಟೇ ಹೆಂಚು ತೆಗೆಯುವುದು. ತೆಗೆದಲ್ಲಿಗೆ ಟಾರ್ಪಾಲು ಹೊದಿಸಿ, ಅದರ ಮೇಲಂಚನ್ನು ಮೇಲಿನ ಸಾಲಿನ ಹೆಂಚುಗಳ ಅಡಿಗೆ ತೂರಿಸಿ, ಕೆಳಗೆ ಇಳಿಜಾರಾಗಿ ಬಿಗಿದು ಕಟ್ಟುವುದು. ಆಗ ಮೇಲಿಂದ ಬಂದ ನೀರು ಟಾರ್ಪಾಲಿನ ಮೇಲೆ ಜಾರಿ ಆಚೆ ಬೀಳುತ್ತದೆ.

ಬೈಂಡರು ತಲೆಯಾಡಿಸಿದ್ದರು, ನಂಬಿರಲಿಲ್ಲ. ಬಿಸಿಲು ಸುಡುತ್ತಿರುವಾಗ ಇಷ್ಟು ಅವಸರದಲ್ಲಿ ಮುಚ್ಚುವುದೇಕೆ? ಹೆಂಚು ಕೂರಿಸುವ ಹೊಸ ರೀಪು ಹೊಡೆದೆ ಎಂದು ಹೇಳಿ ಹಳೆಯ ಹುಳುಕು ಪಟ್ಟಿಗಳನ್ನೇ ಉಳಿಸಿರಬಾರದೇಕೆ? ಹೆಂಡತಿಯ ಹತ್ತಿರ ಮೆಲ್ಲಗೆ ಬಾಯಿಬಿಟ್ಟರು. ಅವಳು ಕೈಯಲ್ಲಿದ್ದ ಪಾತ್ರೆ ಕೆಳಗಿಡದೆ ಅಂದಳು: “ನಿಮ್ಮ ರೀಪು ತಿಂದು ಹೊಟ್ಟೆ ತುಂಬಿಸ್ಕೊಳ್ಳೋ ಗತಿ ನನ್ನ ತಮ್ಮನಿಗೆ ಬಂದಿಲ್ಲ.”

ಅದಕ್ಕೂ ಅವರ ಅನುಮಾನದ ಹುಳ ಸಾಯಲಿಲ್ಲ. ಮಧ್ಯಾಹ್ನ ಅಕ್ಕ ತಮ್ಮ ಊಟಕ್ಕೆ ಕೂತಾಗ ಸದ್ದಿಲ್ಲದೆ ಏಣಿ ಹತ್ತಿದರು. ಹಗ್ಗ ಸಡಿಲಿಸಿ, ಟಾರ್ಪಾಲು ಎಳೆದು ನೋಡಿದರು. ರೀಪುಗಳೆಲ್ಲ ಹೊಸವು, ಇನ್ನೂ ಮರದ ವಾಸನೆ. ನೆಮ್ಮದಿಯಾಗಬೇಕಿತ್ತು, ಇವನು ಇಷ್ಟು ಪ್ರಾಮಾಣಿಕ ಯಾವಾಗಿನಿಂದಾದ ಎಂಬ ಇನ್ನೊಂದು ಅನುಮಾನ ಹುಟ್ಟಿತು. ಟಾರ್ಪಾಲನ್ನು ಮತ್ತೆ ಹೊದಿಸಿದರು. ಮೂವತ್ತು ವರ್ಷ ಹಾಳೆ ಒತ್ತಿದ ಕೈ. ಒಂದು ಸುಕ್ಕಿಲ್ಲದಂತೆ ಸವರಿ, ಮೇಲಂಚನ್ನು ಮೇಲಿನ ಸಾಲಿನ ಹೆಂಚುಗಳ ಮೇಲೆ ಚಪ್ಪಟೆಯಾಗಿ ಹಾಸಿ, ಅದರುದ್ದಕ್ಕೂ ಇಟ್ಟಿಗೆಗಳ ಭಾರ ಹೇರಿದರು. ಹೊಸ ಪುಸ್ತಕದ ರಟ್ಟಿನಂತೆ ಕಂಡಿತು.

ಮಳೆ ಸಂಜೆಗೂ ಕಾಯಲಿಲ್ಲ. ಮೇಲಿನ ಹೆಂಚುಗಳಿಂದ ಇಳಿದ ನೀರು ಟಾರ್ಪಾಲಿನ ಅಡಿಗೇ ನುಗ್ಗಿ ಮೂಲೆಯ ಹಲಗೆಯ ಮೇಲೆ ತೊಟ್ಟಿಕ್ಕಿತು. ಬೈಂಡರು ಅಂಗಿ ಬಿಚ್ಚಿ ಅಡ್ಡ ಹಿಡಿಯುವಷ್ಟರಲ್ಲಿ ಎರಡು ಹಾಳೆ ನೆನೆದಿದ್ದವು. ಭಾವಮೈದುನ ಸುರಿಯುವ ಮಳೆಯಲ್ಲೇ ಹತ್ತಿ ಅಂಚು ತೂರಿಸಿ ಇಳಿದು ಬಂದ. ಹೆಂಡತಿ ನೀರು ಹೀರುವ ಒತ್ತುಕಾಗದ ಕೊಡುತ್ತ ಹೋದಳು, ಬೈಂಡರು ಒತ್ತುತ್ತ ಹೋದರು. ಒಂದು ಹಾಳೆ ಉಳಿಯಿತು. ಇನ್ನೊಂದರಲ್ಲಿ ಮೂರು ಹೆಸರು ನೀಲಿ ಮೋಡವಾಗಿದ್ದವು.

“ಹೇಗೋ ಆಯ್ತಿದು?” ಅಕ್ಕ ಕೇಳಿದಳು.

ಅವನು ತಲೆ ಒರೆಸಿಕೊಳ್ಳುತ್ತ ಭಾವನ ಮುಖ ನೋಡಿದ. “ನಾನೇ ಸರಿಯಾಗಿ ತೂರ್ಸಿರ್ಲಿಲ್ಲ ಅಕ್ಕ. ಭಾವ, ಕಚೇರಿಗೆ ಹಂಗೇ ಬರೆದುಬಿಡಿ.”

ಬೈಂಡರು ಲೆಕ್ಕ ಹಾಕಿದರು. ಇಟ್ಟಿಗೆಗಳನ್ನು ಸ್ಕೇಲು ಹಿಡಿದಂತೆ ಜೋಡಿಸುವವರು ಈ ಮನೆಯಲ್ಲಿ ಒಬ್ಬರೇ. ಅವನು ಅದನ್ನು ಕಂಡೇ ಇಳಿದಿದ್ದಾನೆ. ಕಂಡೂ ತಪ್ಪು ತನ್ನ ತಲೆಗೆ ಕಟ್ಟಿಕೊಳ್ಳುತ್ತಿದ್ದಾನೆ. ಯಾಕೆ? ನಾಳೆ ಏನು ಕೇಳಲಿಕ್ಕೆ? ಮದುವೆಮನೆಯಲ್ಲೋ ಹತ್ತು ಜನರ ಮುಂದೋ ಎಂದಾದರೂ ಒಂದು ದಿನ ನಗುತ್ತ ಇದನ್ನು ಎತ್ತಿಯೇ ಎತ್ತುತ್ತಾನೆ. ಆ ಉಪಕಾರವನ್ನು ಮನೆಯಲ್ಲಿಟ್ಟುಕೊಳ್ಳುವ ಧೈರ್ಯ ಅವರಿಗೆ ಬರಲಿಲ್ಲ.

“ಏನೂ ಬೇಡ. ಟಾರ್ಪಾಲು ಬಿಚ್ಚಿದ್ದು ನಾನು,” ಎಂದರು.

ಭಾವಮೈದುನ, ಗೊತ್ತು ಭಾವ ಎಂದಷ್ಟೇ ಹೇಳಿ, ಹಗ್ಗ ಬಿಗಿಯಲು ಮತ್ತೆ ಏಣಿಯತ್ತ ನಡೆದ. ಬೈಂಡರು ಕಚೇರಿಗೆ ಕಾಗದ ಬರೆಯಲು ಕುಳಿತರು. ಹಾಳೆಯ ಸಂಖ್ಯೆ, ಅಳಿಸಿದ ಮೂರು ಹೆಸರು, ಪಕ್ಕದಲ್ಲಿ ಉಳಿದ ವಿಳಾಸ ಹಿಡಿದು ಆ ಮನೆಗಳನ್ನು ನಾನೇ ಹುಡುಕಿ ಹೋಗಿ ಹೆಸರು ಕೇಳಿ ಬರುತ್ತೇನೆ ಎಂಬ ಮಾತು. ಕಾರಣ ಬರೆಯುವಲ್ಲಿ ಲೇಖನಿ ತುಸು ನಿಂತಿತು. ಆಮೇಲೆ, ಹರಡದ ಶಾಯಿಯಲ್ಲಿ, ತಮ್ಮದೇ ಹೆಸರನ್ನು ಬರೆದರು.