ಮುಟ್ಟುವ ಸರದಿ

“ನಿಮ್ಮಪ್ಪನ ಮನೆ ಗಾಜಾ ಅದು? ಕೈ ತೆಗಿಯೇ, ದರಿದ್ರದೋಳೆ.”

ಸೂಪರ್‌ವೈಸರನ ಬೈಗುಳಕ್ಕೆ ಅವಳು ಬೆಚ್ಚಿ ಹಿಂದೆ ಸರಿದಳು. ಗಾಜಿನ ಪೆಟ್ಟಿಗೆಯ ಕಾಲು ಒರೆಸುವಾಗ ಮೊಣಕೈ ತಗುಲಿತ್ತು, ಅಷ್ಟೇ. ಆ ಆರ್ಟ್ ಗ್ಯಾಲರಿಯಲ್ಲಿ ಗುಡಿಸುವವರಿಗೆ ಒಂದು ಕಟ್ಟಳೆಯಿತ್ತು: ನೋಡಲು ಬಂದವರು ಎದುರಾದರೆ ಪೊರಕೆಯನ್ನು ಮರೆಮಾಡಿಕೊಂಡು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಕೆಲಸಕ್ಕೆ ಸೇರಿದಾಗಿನಿಂದ ಅವಳು ಚಿತ್ರಗಳಿಗಿಂತ ಬಿಳಿ ಗೋಡೆಯನ್ನೇ ಹೆಚ್ಚು ನೋಡಿದ್ದಳು.

ಪೆಟ್ಟಿಗೆಯಲ್ಲಿ ನಸುಗೆಂಪು ನೀರು. ಅದರಲ್ಲಿ ಅಂಗೈಯಗಲದ, ಈರುಳ್ಳಿ ಪೊರೆಯಂಥದ್ದೊಂದು ತೇಲುತ್ತಿತ್ತು. ಚರ್ಮವಂತೆ. ಯಾರದೋ ಚೂರು ಚರ್ಮದಿಂದ, ಕಾಳಿನಿಂದ ಪೈರು ತೆಗೆದ ಹಾಗೆ, ಆಸ್ಪತ್ರೆಯ ಲ್ಯಾಬಿನಲ್ಲಿ ಬೆಳೆಸಿದ್ದಂತೆ; ಇನ್ನೂ ಜೀವ ಇದೆಯಂತೆ. ಅದನ್ನು ಪ್ರದರ್ಶನಕ್ಕಿಟ್ಟ ಕಲಾವಿದೆ ಬಂದವರಿಗೆಲ್ಲ ಹೇಳುತ್ತಿದ್ದಳು. ಮುಖ ಗೋಡೆಯ ಕಡೆಗಿದ್ದರೂ ಕಿವಿಗೆ ಬೀಗವಿಲ್ಲವಲ್ಲ. ಯಾರ ಗ್ರಹಚಾರವೋ ಅಂದುಕೊಂಡು ಅವಳು ತನ್ನ ಪಾಡಿಗೆ ನೆಲ ಒರೆಸುತ್ತಿದ್ದಳು.

ನೀರು ಬದಲಾಯಿಸಲು ಲ್ಯಾಬಿನವನೊಬ್ಬ ಬಂದ ದಿನ ಆ ನೆಮ್ಮದಿಯೂ ಹೋಯಿತು. ಅವಳನ್ನು ಕಂಡದ್ದೇ ಅವನು ಕೈಯಲ್ಲಿದ್ದ ಬಾಟಲಿ ಕೆಳಗಿಟ್ಟ. ಅವಳಿಗೂ ಗುರುತು ಹತ್ತಿತು. ಕಾಯಿಲೆಯಾಗಿ ಆಸ್ಪತ್ರೆ ಸೇರಿದ್ದ ಮಗಳ ಮಂಡಿಯ ಹಿಂದಿನಿಂದ ಚರ್ಮದ ಚೂರು ತೆಗೆದವನು. ಸೂಜಿ ಹುಡುಗಿಯ ಕಣ್ಣಿಗೆ ಬೀಳದಂತೆ ಅಂಗೈಯಲ್ಲಿ ಮುಚ್ಚಿಕೊಂಡು ಬಂದಿದ್ದವನು. ನಿಮ್ಮ ಮಗುವಿಗೆ ಆಗದಿದ್ದರೂ ಮುಂದಿನ ಮಕ್ಕಳಿಗೆ ಔಷಧಿ ಸಿಗಬಹುದು ಎಂದು ದೊಡ್ಡ ಡಾಕ್ಟರು ಹೇಳಿದಾಗ ಅವಳು ತಲೆಯಾಡಿಸಿದ್ದಳು. “ತಗೊಳ್ಳಲಿ ಬಿಡಮ್ಮ, ಅಲ್ಲಿ ನಂಗೆ ಕನ್ನಡೀಲೂ ಕಾಣಲ್ಲ” ಎಂದು ಮಗಳೂ ನಕ್ಕಿದ್ದಳು. ಆಮೇಲೆ ಸೋಂಕು ತಗುಲೀತೆಂದು ಹುಡುಗಿಯನ್ನು ಬೇರೆ ಕೋಣೆಗೆ ಹಾಕಿದರು. ತಾಯಿಯನ್ನು ಒಳಗೆ ಬಿಡಲಿಲ್ಲ. ಹೆಣವನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಿಚ್ಚಬಾರದೆಂದು ಹೇಳಿ ಕೊಟ್ಟಿದ್ದರು.

ಲ್ಯಾಬಿನವನು ಬಾಗಿಲ ಕಡೆ ನೋಡಿ ಮೆಲ್ಲಗೆ ಹೇಳಿದ: “ಅಮ್ಮಾ, ಇದು ನಿಮ್ಮ ಹುಡುಗೀದೇ. ನಾನು ಹೇಳ್ದೆ ಅಂತ ಯಾರ ಹತ್ರಾನೂ ಅನ್ಬೇಡಿ. ಹೇಳ್ದೆ ಹೋದ್ರೆ ನಂಗೆ ಅನ್ನ ಇಳಿಯಲ್ಲ.”

ಅವಳು ನೆಲ ಒರೆಸುತ್ತ ಕೂತಲ್ಲಿಂದ ಏಳಲಿಲ್ಲ. ಅವನೇ ಬಟ್ಟೆ ಹಿಂಡಿ, ಅವಳು ಒರೆಸದೆ ಬಿಟ್ಟಿದ್ದ ನೆಲವನ್ನು ಒರೆಸಿ ಹೋದ.

ಪ್ರದರ್ಶನದ ಕೊನೆಯ ಸಂಜೆ ಗಾಜಿನ ಮುಚ್ಚಳ ತೆಗೆಯುವುದೆಂದು ಗೊತ್ತಾಯಿತು. ಅತಿಥಿಗಳು ಸಾಲಾಗಿ ಬಂದು ಬರಿಗೈಯಲ್ಲಿ ಅದನ್ನು ಮುಟ್ಟುತ್ತಾರೆ. ಕೈಯ ಕೊಳೆ ತಾಗಿ ಅದು ಸಾಯುತ್ತದೆ. ಆ ಸಾವಿನಲ್ಲಿ ಎಲ್ಲರಿಗೂ ಪಾಲು ಸಿಗಬೇಕು, ಕೃತಿ ಪೂರ್ತಿಯಾಗುವುದೇ ಆಗ ಎಂದು ಕಲಾವಿದೆ ಯಾರಿಗೋ ವಿವರಿಸುತ್ತಿದ್ದಳು.

ಆ ಕೊನೆಯ ದಿನ ಬೆಳಿಗ್ಗೆ ಅವಳು ಪೊರಕೆ ಬಿಟ್ಟು ಕಲಾವಿದೆಯ ಕೋಣೆಗೆ ಹೋದಳು.

“ಮೇಡಂ, ಅದು ನನ್ನ ಮಗಳದು. ಕೊಟ್ಬಿಡಿ. ಮಣ್ಣು ಮಾಡ್ಕೋತೀನಿ.”

ಕಲಾವಿದೆ ತನ್ನ ಕುರ್ಚಿಯಲ್ಲೇ ಅವಳನ್ನು ಕೂರಿಸಿದಳು, ನೀರು ಕೊಟ್ಟಳು. ಯಾರು ಹೇಳಿದರೆಂದು ಕೇಳಿದಾಗ ಅವಳು, ಹೆತ್ತವಳಿಗೆ ತಿಳಿಯದೇ ಎಂದು ಸುಳ್ಳಾಡಿದಳು. ಕಲಾವಿದೆಯ ಕಣ್ಣು ಒದ್ದೆಯಾಯಿತು. ಅದು ಮಗಳಲ್ಲ, ಲ್ಯಾಬಿನಲ್ಲೇ ಹುಟ್ಟಿದ್ದು, ಯಾರ ಸ್ವತ್ತೂ ಅಲ್ಲ ಎಂದು ಬಿಡಿಸಿ ಹೇಳಿದಳು. ಆಮೇಲೆ ಅವಳ ಕೈ ಹಿಡಿದುಕೊಂಡಳು.

“ಸಂಜೆ ಪೆಟ್ಟಿಗೆ ಪಕ್ಕ ನಿಂತು ಈಗ ಹೇಳಿದ್ದನ್ನೇ ಎಲ್ಲರಿಗೂ ಹೇಳ್ತೀರಾ? ನಿಮ್ಮ ಸಂಕಟ ಕೃತಿಗೆ ಎಷ್ಟು ಅರ್ಥ ಕೊಡುತ್ತೆ ಗೊತ್ತಾ?”

“ಹೇಳಿದ್ರೆ ಕೊಡ್ತೀರಾ?”

“ಆಮೇಲೆ ಆಸ್ಪತ್ರೆ ಕಸದ ಜೊತೆ ಸುಡ್ಬೇಕಮ್ಮ. ಅದು ನಿಯಮ.”

ಅವಳು ನೀರು ಕುಡಿಯದೆ ಎದ್ದುಬಂದಳು.

ಸಂಜೆ ಸೂಪರ್‌ವೈಸರ ಅವಳ ರಟ್ಟೆ ಹಿಡಿದು ಮೂಲೆಗೆ ತಂದು ನಿಲ್ಲಿಸಿದ. “ದೊಡ್ಡೋರ ಹತ್ರ ಬಾಯಿ ಬಿಡ್ತೀಯಂತೆ? ಗೋಡೆ ನೋಡ್ಕೊಂಡು ಬಿದ್ದಿರು, ಮುದಿಗೊಡ್ಡು.”

ಅವಳ ಬೆನ್ನ ಹಿಂದೆ ಸಾಲು ಕಟ್ಟುವ ಸದ್ದು. ಯಾರೋ ಉಂಗುರ ಕಳಚುತ್ತಿದ್ದರು. ತಣ್ಣಗಿರುತ್ತಾ ಎಂದು ಒಬ್ಬಾಕೆ ಕೇಳಿದಳು. ಹೆಂಡತಿಯ ಕೈಗಿಂತ ಬೆಚ್ಚಗಿರುತ್ತೆ ಎಂದು ಒಬ್ಬ ಗಂಡಸು ನಗಿಸಿದ. ಮುಚ್ಚಳ ತೆಗೆದ ಸದ್ದಾಯಿತು.

ಅವಳು ಗೋಡೆಯಿಂದ ತಿರುಗಿದಳು. ನೇರ ಹೋಗಿ ಸಾಲಿನ ಮುಂದಿದ್ದವನನ್ನು ಪಕ್ಕಕ್ಕೆ ಸರಿಸಿ ಎರಡೂ ಕೈ ನೀರಿಗೆ ಇಳಿಬಿಟ್ಟಳು. ನೀರು ಬೆಚ್ಚಗಿತ್ತು. ಪೊರೆ ಹಾಲಿನ ಕೆನೆಯ ಹಾಗೆ ಬೆರಳಿಗೆ ಸುತ್ತಿಕೊಂಡು ಹರಿಯಿತು. ಹರಿದದ್ದನ್ನೆಲ್ಲ ಬಳಿದು ಮುಷ್ಟಿಯಲ್ಲಿ ಮುಚ್ಚಿ ಎದೆಗೊತ್ತಿಕೊಂಡಳು.

ಆಮೇಲೆ ಒಬ್ಬರು ಚಪ್ಪಾಳೆ ತಟ್ಟಿದರು. ಇದೂ ಕೃತಿಯ ಭಾಗವೇ ಇರಬೇಕೆಂದು ಉಳಿದವರೂ ತಟ್ಟತೊಡಗಿದರು.

ಸೂಪರ್‌ವೈಸರ ಓಡಿಬಂದ. “ಮುಷ್ಟಿ ಬಿಚ್ಚೇ, ಬೇವರ್ಸಿ.”

“ಮುಟ್ಬೇಡ,” ಎಂದಳು ಅವಳು. “ಮುಟ್ಟೋದು ಮುಗೀತು. ಎಲ್ರಿಗೂ ಮನೆಗೋಗಕ್ಕೆ ಹೇಳು.”

ಅವನು ಕಾವಲುಗಾರನನ್ನು ಕೂಗಿದ. ಕಾವಲುಗಾರ ಕೇಳಿಸದವನಂತೆ ಬಾಗಿ, ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟುತ್ತ ಕೂತ. ಸೂಪರ್‌ವೈಸರ ತಾನೇ ಅವಳನ್ನು ನೆಲಕ್ಕೆ ಕೆಡವಿ, ಎದೆಯ ಮೇಲಿದ್ದ ಮುಷ್ಟಿಯನ್ನು ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳಾಗಿ ಬಿಚ್ಚತೊಡಗಿದ. ಚಪ್ಪಾಳೆ ಇನ್ನೂ ನಿಂತಿರಲಿಲ್ಲ.