ಒಂದನೇ ನಂಬರಿನ ಹುಂಜ

ಮಸಾಲೆ ಕಡೆಯುವ ಕಲ್ಲಿನ ಹತ್ತಿರ ಮತ್ತೆ ಬಂತು ಬಿಳಿ ಹುಂಜ, ಕುತ್ತಿಗೆ ವಾರೆ ಮಾಡಿ ಒಂದೇ ಕಣ್ಣಲ್ಲಿ ನೋಡುವುದು, ಹೋಗಾ ಆಚೆ, ನಾಳೆ ದೈವಕ್ಕೆ ತಂಬಿಲ ಸೇವೆ, ಕೊಯ್ಯುವ ಹರಕೆಗೆ ನಿನ್ನನ್ನೇ ಹೇಳಿಕೊಂಡದ್ದು ನಾನು, ಈ ಹಾಳು ಬಾಯಿ — ಯಾರಿಗೋಸ್ಕರ, ರಾಬಣ್ಣನಿಗೋಸ್ಕರ, ಅಮೇರಿಕದಿಂದ ಅರಂತೋಡಿಗೆ ಕೋಳಿ ಸಾಕಲು ಕಲಿಸಲಿಕ್ಕೆ ಬಂದವನು, ನಮಗೆ ಕೋಳಿ ಸಾಕಲು ಕಲಿಸುವುದಂತೆ!, ಎರಡು ವರ್ಷ ನನ್ನ ಕೈಯ ಗಂಜಿ ಉಂಡು, ಹೋಗುವಾಗ ಈ ಹುಂಜವನ್ನು ನನ್ನ ಕೈಗಿತ್ತು ಅತ್ತವನು, ಈಗ ಅವನ ಊರಿನ ಸಣ್ಣ ಕಾಲೇಜಿನಲ್ಲಿ ಕಾಲ್ಚೆಂಡು ಕಲಿಸುತ್ತಾನೆ, ಕಾಲ್ಚೆಂಡೆಂದು ಹೆಸರು, ಕೈಯಲ್ಲಿ ಅವುಚಿಕೊಂಡು ಓಡುವುದು, ಚೆಂಡಾದರೂ ಉರುಟುಂಟಾ, ಫೋಟೋದಲ್ಲಿ ನೋಡಿದರೆ ದೊಡ್ಡ ಹಲಸಿನ ಬೀಜ. ಯಾರ ಆಟ ಮೇಲೆಂದು ಇಡೀ ದೇಶದ ಸಣ್ಣ ಕಾಲೇಜುಗಳಿಗೆ ವಾರ ವಾರ ನಂಬರು ಕೊಡುತ್ತಾರಂತೆ, ಯಜ್ಞೇಶ್ವರ ಮಾಷ್ಟ್ರು ಕಾಗದ ಓದಿ ಹೇಳಿದರು, ರಾಬಣ್ಣನದ್ದು ಎಂಟನೇ ನಂಬರು, ಮುಂದಿನ ಕಾಗದದಲ್ಲಿ ನಾಲ್ಕನೇ, ಇನ್ನು ಎರಡು ಆಟ ಉಂಟು, ಸೋತರೆ ನನ್ನ ಕೆಲಸ ಹೋಗುದು ಅಂತ ಬರೆದಿದ್ದಾನೆ, ಸೇವಂತಿ — ಅಷ್ಟು ಕೇಳಿದ್ದೇ ನನಗೆ ಸಾಕಾಯಿತು, ಷಷ್ಠಿಯ ದಿನ ದೈವದ ಕಲ್ಲಿನೆದುರು ಕೈ ಮುಗಿದೆ, ಒಂದನೇ ನಂಬರು ಬರಲಿ, ಅವನು ಕೊಟ್ಟ ಹುಂಜವನ್ನೇ ಕೊಡುತ್ತೇನೆ.

ಬಂತಲ್ಲ! ನಿನ್ನೆ ಕಾಗದ, ಒಂದನೇ ನಂಬರು, ಕೆಲಸ ಉಳಿಯಿತು, ನಾನು ಅಂಗಳದಲ್ಲೇ ಕುಣಿದೆ, ಆಮೇಲೆ ಹುಂಜ ಕಂಡಿತು, ಕುಣಿತ ನಿಂತಿತು, ನನ್ನ ಗಂಡನೆಂಬವರು ಮಾತ್ರ ಹುಂಜವನ್ನು ತಲೆಯಿಂದ ಬಾಲದವರೆಗೆ ಅಳೆದರು, ತೆಂಗಿನಕಾಯಿ ಎರಡು ತೆಗೆದಿಡು ಮಾರಾಯ್ತಿ, ಸಾರಿಗೆ ಒಂದು ಸಾಕಾಗ್ಲಿಕ್ಕಿಲ್ಲ — ರಾತ್ರಿಯೆಲ್ಲ ನಿದ್ದೆಯಿಲ್ಲ, ಬೆಳಿಗ್ಗೆ ಹೊಳೆಯಿತು, ತಾರೀಕು!, ಮಾಷ್ಟ್ರ ಮನೆಗೆ ಓಡಿದೆ, ಆ ನಂಬರು ಯಾವತ್ತಿನದ್ದು ಮಾಷ್ಟ್ರೆ, ನವೆಂಬರಿನ ಕೊನೆಯದ್ದು, ಷಷ್ಠಿ ಯಾವಾಗ ಆದದ್ದು, ಡಿಸೆಂಬರಿನಲ್ಲಿ ಅಲ್ವಾ, ಎಂತ ಈಗ, ಎಂತವೂ ಇಲ್ಲ ಮಾಷ್ಟ್ರೆ, ಹುಂಜ ಬದುಕಿತು!, ಆ ನಾಲ್ಕನೇ ನಂಬರಿನ ಕಾಗದ ಹಡಗಿನಲ್ಲಿ ತೇಲಿ ಬರುವಷ್ಟರಲ್ಲಿ ಆಟವೇ ಮುಗಿದಿತ್ತು, ಮುಗಿದ ಮದುವೆಗೆ ನಾನು ಓಲಗ ಊದಿಸಿದ್ದು, ಅದೆಂಥ ಹರಕೆ, ಏದುಸಿರು ಬಿಡುತ್ತಾ ಇವರಿಗೆ ಹೇಳಿದೆ, ಇವರು ಎಲೆಗೆ ಸುಣ್ಣ ಹಚ್ಚುತ್ತಾ ನಿಧಾನಕ್ಕೆ, ಹಾಗಾದ್ರೆ ನೀನು ಕೇಳುವ ಮೊದಲೇ ದೈವ ಕೊಟ್ಟಾಯ್ತಲ್ಲ, ಅಂಥ ದೈವಕ್ಕೆ ಒಂದು ಹುಂಜ ಸಾಕಾ, ಇನ್ನೊಂದು ಸೇರಿಸುವ.

ಅಯ್ಯೋ, ಇವರ ನಾಲಿಗೆ ಬಿದ್ದುಹೋಗಲಿ, ಆದರೆ ಸುಳ್ಳೆಂದು ಹೇಳುವುದು ಹೇಗೆ, ಕೇಳದೆ ಕೊಟ್ಟವರಿಗೆ ಬೆನ್ನು ತಿರುಗಿಸುವುದುಂಟಾ, ಕೊಡಲೇಬೇಕು, ಕೊಡುತ್ತೇನೆ, ಮೆಣಸು ಸಾಲದು, ಇನ್ನೆರಡು ಹಾಕು, ಕಣ್ಣು ಉರಿಯುವುದು ಮೆಣಸಿಗೇ — ನಿನ್ನೆಯ ಇಂಗ್ಲಿಷ್ ಕಾಗದದ ಅಡಿಯಲ್ಲಿ ಒಂದೇ ಗೆರೆ ಕನ್ನಡ, ಸೊಟ್ಟ ಸೊಟ್ಟ ಅಕ್ಷರ, ಅದನ್ನು ಮಾಷ್ಟ್ರಿಗೆ ಓದಲು ಬಿಡದೆ ನಾನೇ ಓದಿದ್ದೆ, ಅಕ್ಕ, ನನ್ನ ಹುಂಜ ಹೇಗುಂಟು — ಹೇಗುಂಟು ಅಂದರೆ ರಾಬಣ್ಣ, ನಿನ್ನ ಹುಂಜ, ಇಲ್ಲೇ ಉಂಟು, ಇಲ್ಲೇ, ಕಲ್ಲಿನ ಹತ್ತಿರ, ಕುತ್ತಿಗೆ ವಾರೆ, ಒಂದೇ ಕಣ್ಣು.