ಹೊರಟು ಬಾ ಅಂದಿದ್ದು

ಟಕ್ ಟಕ್ ಟಕ್ — ಎಲ್ಲಿಂದ, ಓ, ಮ್ಯಾನೇಜರು, ಉಂಗುರದ ಬೆರಳಿನಿಂದ ಕ್ಯಾಬಿನ್ನಿನ ಗಾಜು ಬಡಿಯುತ್ತಿದ್ದಾರೆ, ಏನ್ರೀ, ಆ ಹೊಸ ಥರ್ಡ್ ಪಾರ್ಟಿ ಫೈಲು ಓದಿ ಆಯ್ತಾ, ಓದ್ತಾ ಇದೀನಿ ಸಾರ್, ಅವನ ಅಂಗೈ ತಾನಾಗಿಯೇ ಮೊದಲ ಪುಟದ ಮೇಲೆ ಹರಡಿಕೊಂಡಿತು, ಕಾರಿನ ನಂಬರಿನ ಮೇಲೆ, ಹತ್ತೊಂಬತ್ತು ವರ್ಷ ಈ ವಿಮೆ ಕಚೇರಿಯಲ್ಲಿ ಕೂತು ಕಂಡವರ ಡಿಕ್ಕಿಗಳನ್ನೆಲ್ಲ ತೂಗಿ ನೋಡಿದವನ ಮೇಜಿಗೆ ಅವನದೇ ಕಾರು ಬಂದು ನಿಂತಿದೆ — ಎಂಟು ದಿನದ ಹಿಂದೆ ಮಗಳ ಫೋನು, ಅಪ್ಪಾ, ಒಂದು ಸ್ಕೂಟರಿಗೆ ತಾಗಿಬಿಡ್ತು, ಯಾರೋ ಬಿದ್ರು, ಏನ್ ಮಾಡ್ಲಿ, ಅವನು ಮೀಟಿಂಗಿನಲ್ಲಿದ್ದ, ದನಿ ತಗ್ಗಿಸಿ ಅಂದ, ಸಾರಿ ಅನ್ನಬೇಡ, ಗ್ಲಾಸ್ ಇಳಿಸಬೇಡ, ಏನೂ ಒಪ್ಕೋಬೇಡ — ಊಟಕ್ಕೆ ಕೂತಾಗಲೆಲ್ಲ ಹೇಳಿಕೊಟ್ಟ ಪಾಠ, ಬಾಯಿ ತಪ್ಪಿ ಆಡಿದ ಒಂದು ಮಾತು ಇಡೀ ಕೇಸು ಮುಳುಗಿಸುತ್ತೆ ಅಂತ, ಹೆಂಡತಿ ನಗುತ್ತಿದ್ದಳು, ನಿಮ್ಮಪ್ಪ ನನ್ನನ್ನೇ ಇನ್ನೂ ಒಪ್ಕೊಂಡಿಲ್ಲ ಕಣೇ, ಪರಿಶೀಲನೆಯಲ್ಲಿ ಇಟ್ಟಿದಾರೆ, ಮಗಳೂ ಬಿದ್ದು ಬಿದ್ದು ನಕ್ಕಿದ್ದಳು, ನಗುತ್ತಲೇ ಕಲಿತೂ ಬಿಟ್ಟಿದ್ದಳು — ಫೋನಿನೊಳಗೆ ಏನೋ ಸದ್ದು, ಟಕ್ ಟಕ್ ಟಕ್, ಇಂಡಿಕೇಟರ್ ಅಂದುಕೊಂಡ, ಹೊರಟು ಬಾ ಪುಟ್ಟೀ, ಸುಮ್ನೆ ಹೊರಟು ಬಾ, ಮುಂದಿಂದು ನಾನು ನೋಡ್ಕೋತೀನಿ.

ಅವರಿಗೆ ಏನಾದ್ರೂ ಆಗಿರುತ್ತಾ ಅಪ್ಪಾ, ತಟ್ಟೆಯ ಮುಂದೆ ಕೂತು ಎಂಟು ದಿನದಿಂದ ಅದೊಂದೇ ಪ್ರಶ್ನೆ, ಏನೂ ಆಗಿರಲ್ಲ ಉಣ್ಣು, ಬಂಪರ್ ನೋಡಿದೀನಿ, ಉಗುರಿನಷ್ಟು ಗೀರು — ಎರಡನೇ ಪುಟ ತಿರುಗಿಸಬಾರದಿತ್ತು, ಸ್ಕೂಟರಿನ ಹಿಂದೆ ಕೂತಿದ್ದ ಹೆಂಗಸಿನ ಹೇಳಿಕೆ, ಕಾರು ನಿಂತಿತ್ತು, ನಮ್ಮ ಯಜಮಾನ್ರ ಕಾಲು ಮುಂದಿನ ಚಕ್ರದ ಎದುರಿಗಿತ್ತು, ಹೊರಳೋಕೆ ಆಗ್ತಿರಲಿಲ್ಲ, ಒಳಗಡೆ ಒಂದು ಹುಡುಗಿ ಫೋನಲ್ಲಿದ್ಲು, ಹಿಂದಕ್ಕೆ ತಗೊಳಮ್ಮಾ, ಹಿಂದಕ್ಕೆ ಅಂತ ಗ್ಲಾಸ್ ಬಡಿದೆ, ಅವಳು ಈ ಕಡೆ ತಿರುಗಲೇ ಇಲ್ಲ, ಮುಂದಕ್ಕೆ ಬಿಟ್ಲು — ಅದರ ಕೆಳಗೆ ಆಸ್ಪತ್ರೆಯ ಕಾಗದ, ಬಲಗಾಲು, ಮೊಣಕಾಲಿನಿಂದ ಕೆಳಗೆ ತೆಗೆಯಲಾಗಿದೆ, ತೆಗೆದವರು ಯಾರು, ಡಾಕ್ಟರಾ, ಮಗಳಾ, ಮೀಟಿಂಗಿನಲ್ಲಿ ದನಿ ತಗ್ಗಿಸಿದ್ದ ಇವನಾ — ಏನ್ರೀ, ಫೈಲು ಒಳಗೆ ತನ್ನಿ, ಕಾರು ಯಾರದಂತೆ, ಓಡಿಸ್ತಿದ್ದವರನ್ನ ಕರೆಸಬೇಕಲ್ಲ, ಹೇಳಬೇಕು, ನನ್ನದೇ ಸಾರ್ ಅನ್ನಬೇಕು, ಓಡಿಸಿದವಳನ್ನು ಹೊರಡಿಸಿದವನು ನಾನೇ ಅನ್ನಬೇಕು, ಏನೂ ಒಪ್ಕೋಬೇಡ, ಇವನದೇ ದನಿ, ಇವನ ಕಿವಿಯಲ್ಲೇ, ಮೇಜಿನ ಮೇಲೆ ಮೊಬೈಲು ನಡುಗುತ್ತಿದೆ, ಪುಟ್ಟಿ ಅಂತ ಹೆಸರು ಬೆಳಗುತ್ತಿದೆ, ಅತ್ತ ಮ್ಯಾನೇಜರು ಮತ್ತೆ ಬೆರಳೆತ್ತಿದ್ದಾರೆ, ಅದು ಅವರ ಬೆರಳಲ್ಲ, ಉಂಗುರವಿಲ್ಲ, ರಸ್ತೆಯ ಧೂಳು ಮೆತ್ತಿದ ಹೆಂಗಸಿನ ಬೆರಳು, ಗಾಜಿನ ಮೇಲೆ, ಟಕ್ ಟಕ್ —